ಕೊರ್ಪಿ ಕೆರೆಯ ಬಾಗಿಲು

ಮಾರ್ಚ್ ಹನ್ನೆರಡು, ಬುಧವಾರ, ಮಧ್ಯಾಹ್ನ ಹನ್ನೆರಡೂ ಕಾಲಿಗೆ ನೀಲೆಸ್ ಪಾಲ್ತೊ ಠಾಣೆಯ ಬಾಗಿಲನ್ನು ಭುಜದಿಂದ ನೂಕಿಕೊಂಡು ಒಳಗೆ ಬಂದ. ನೀಲೆಸ್ ಹಿಮಸಾರಂಗ ಸಾಕುವವನು. ಹೊಸ್ತಿಲಲ್ಲಿ ಕಾಲು ಬಡಿದು ಬೂಟಿನ ಹಿಮ ಒದರದೆ ಯಾರ ಮನೆಯೊಳಗೂ ಹೋದವನಲ್ಲ. ಅವತ್ತು ಒದರಲಿಲ್ಲ. ಅವನ ತೋಳಿನಲ್ಲಿ ಒಬ್ಬ ಹೆಂಗಸಿದ್ದಳು, ಮಲಗುವ ಚೀಲದ ಸಮೇತ.

"ನರ್ಸನ್ನ ಕರೀರಿ ಮೊದ್ಲು," ಎಂದು ಕೂಗಿದ. "ಆಮೇಲೆ ದೂರು ಬರ್ಕೊಳ್ಳಿ. ಸಾರಂಗ ಹುಡುಕ್ತಾ ಹೋದ್ರೆ ಕೊರ್ಪಿ ಕೆರೆ ಸೌದೆ ಕೊಟ್ಟಿಗೇಲಿ ಬಿದ್ದಿದ್ಳು, ತಂಗುಮನೆ ಪಕ್ಕದಲ್ಲೇ ಇದ್ದೂ. ಇಂಥಾದ್ದನ್ನ ನಮ್ಮಪ್ಪನ ಕಾಲದಿಂದ ಕೇಳಿಲ್ಲ. ಥೂ!"

ಫಿನ್ಲೆಂಡಿನ ಉತ್ತರ ತುದಿಯ ಆ ಊರಿನಲ್ಲಿ ಠಾಣೆಗೂ ಆಸ್ಪತ್ರೆಗೂ ನಡುವೆ ಒಂದೇ ಗೋಡೆ. ಇನ್ಸ್‌ಪೆಕ್ಟರ್ ತೈಮಿ ಸಾರೆ ಹಾಸಿಗೆಯ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು, ಇಂಗ್ಲಿಷಿನಲ್ಲಿ ಕೇಳಿ ಕೇಳಿ ಹೇಳಿಕೆ ಬರೆದುಕೊಂಡಳು. ಹೆಂಗಸಿನ ಹೆಸರು ಗ್ರೀತ್, ಬೆಲ್ಜಿಯಂನವಳು. ಗಂಡ ಯೋಸ್ತ್ ಜೊತೆ ಸ್ಕೀ ಮೇಲೆ ಬೆಟ್ಟ ದಾಟಲು ಹೊರಟಿದ್ದಳು. ನಿನ್ನೆ ಸಂಜೆ ಹಿಮಗಾಳಿ ಎದ್ದಿತು. ಡೇರೆ, ಸ್ಟವ್, ಊಟ ಎಲ್ಲ ಇದ್ದ ಜಾರುಬಂಡಿ ಇಳಿಜಾರಿನಲ್ಲಿ ಕಿತ್ತುಕೊಂಡು ಹೋಯಿತು. ಉಳಿದದ್ದು ಬೆನ್ನ ಮೇಲಿದ್ದ ಒಂದು ಮಲಗುವ ಚೀಲ ಮಾತ್ರ. ಹೇಗೋ ಏಳು ಗಂಟೆ ಹೊತ್ತಿಗೆ ಕೊರ್ಪಿ ಕೆರೆಯ ತಂಗುಮನೆ ಕಾಣಿಸಿತು.

"ಹೊಗೆ ಬರ್ತಿತ್ತು," ಎಂದಳು ಗ್ರೀತ್. "ಕಿಟಕೀಲಿ ಬೆಳಕಿತ್ತು. ಬದುಕಿದ್ವಿ ಅನ್ಕೊಂಡ್ವಿ."

"ಆಮೇಲೆ?"

"ಬೆಳಕು ಆರಿಹೋಯ್ತು. ಯಾರೂ ಬಾಗಿಲು ತೆಗೀಲಿಲ್ಲ. ಯೋಸ್ತ್ ಎಳೆದ, ಜಗ್ಗಿದ. ಒಳಗಡೆಯಿಂದ ಹಾಕ್ಕೊಂಡಿದ್ರು."

"ಸುಳ್ಳು," ಎಂದ ನೀಲೆಸ್, ಹೆಂಗಸಿಗಲ್ಲ, ಗೋಡೆಗೆ. "ಆ ಬಾಗಿಲಿಗೆ ಚಿಲಕಾನೇ ಇಲ್ಲ."

ನಿಜ, ಇರಲಿಲ್ಲ. ಬೆಟ್ಟದ ತಂಗುಮನೆಗಳಿಗೆ ನಮ್ಮ ಕಡೆ ಚಿಲಕ ಇಡುವುದಿಲ್ಲ. ಅಲ್ಲಿ ಕೊನೆಗೆ ಬಂದವನಿಗೇ ಮೊದಲ ಹಕ್ಕು. ಬೆಚ್ಚಗೆ ಮಲಗಿದವನು ಎದ್ದು ಜಾಗ ಬಿಟ್ಟುಕೊಡಬೇಕು, ಬೇಕಾದರೆ ಹೊರಗೆ ಡೇರೆ ಹಾಕಿಕೊಳ್ಳಬೇಕು, ಏಕೆಂದರೆ ತಡವಾಗಿ ಬಂದವನೇ ಹೆಚ್ಚು ದಣಿದವನು. ಹೆಂಡತಿಗೆ ಮೋಸ ಮಾಡಿದವನನ್ನು ಈ ಊರು ಹತ್ತು ವರ್ಷದಲ್ಲಿ ಮರೆಯುತ್ತದೆ. ತಂಗುಮನೆಯ ಬಾಗಿಲು ಹಾಕಿಕೊಂಡವನನ್ನು ಅವನ ಮೊಮ್ಮಕ್ಕಳ ಕಾಲಕ್ಕೂ ಮರೆಯುವುದಿಲ್ಲ.

"ನೀವು ಬಾಗಿಲ ಹತ್ರ ಬಂದು ಮೊದಲು ಏನ್ ಮಾಡಿದ್ರಿ?" ತೈಮಿ ಕೇಳಿದಳು.

"ತಟ್ಟಿದ್ವಿ. ಮೂರು ಸಲ."

ತೈಮಿಯ ಪೆನ್ನು ನಿಂತಿತು. ನೀಲೆಸ್ ತಲೆ ಎತ್ತಿ ನೋಡಿದ. ಬಾಗಿಲ ಬಳಿ ನಿಂತಿದ್ದ ಪೇದೆ ಯಲ್ಮಾರಿಯ ಮುಖ ಕೆಂಪಾಯಿತು. ಅವನು ದಕ್ಷಿಣದ ಪೇಟೆಯವನು, ಮೂರು ವರ್ಷದಿಂದ ಇಲ್ಲಿದ್ದರೂ ಮನೆಗಳ ಬಾಗಿಲು ತಟ್ಟುವುದನ್ನು ಬಿಟ್ಟಿರಲಿಲ್ಲ. ಪ್ರತಿ ಸಲವೂ ಒಳಗಿನಿಂದ ಯಾರಾದರೂ ಮುದುಕಿ "ಯಾರೋ ಅದು, ಸತ್ತೋನೋ ಬದುಕಿರೋನೋ?" ಎಂದು ರೇಗಿಸುತ್ತಿದ್ದಳು. ನಮ್ಮಲ್ಲಿ ಯಾರೂ ತಟ್ಟುವುದಿಲ್ಲ. ಕಾಲು ಬಡಿದು ಹಿಮ ಒದರಿದರೆ ಅದೇ ಕರೆಗಂಟೆ. ಆಮೇಲೆ ಸುಮ್ಮನೆ ಒಳಗೆ ನಡೆಯುವುದು.

ಗ್ರೀತ್ ಮುಂದುವರಿಸಿದಳು. ಯೋಸ್ತ್ ಅವಳನ್ನು ಸೌದೆ ಕೊಟ್ಟಿಗೆಯೊಳಗೆ ಮಲಗಿಸಿ, ಇದ್ದ ಒಂದೇ ಚೀಲವನ್ನು ಅವಳಿಗೇ ಸುತ್ತಿದ. ಪಶ್ಚಿಮಕ್ಕೆ ರಸ್ತೆ ಇದೆ, ಸಹಾಯ ತರುತ್ತೇನೆ ಎಂದು ಹೇಳಿ ಹೊರಟ. ಬರಲಿಲ್ಲ. ಬೆಳಿಗ್ಗೆ ಯಾವಾಗಲೋ ಕೊಟ್ಟಿಗೆಯ ಬಾಗಿಲು ತೆರೆದು ದೀಪವೊಂದು ಅವಳ ಮುಖದ ಮೇಲೆ ಬಿತ್ತು. ಅವಳಿಗೆ ನಾಲಿಗೆ ಏಳಲಿಲ್ಲ. ದೀಪ ಹೋಯಿತು.

"ಕನಸೋ ಏನೋ," ಎಂದಳು. ಹೆಪ್ಪುಗಟ್ಟಿ ಬೂದಿಬಣ್ಣಕ್ಕೆ ತಿರುಗಿದ್ದ ಬೆರಳುಗಳಿಂದ ತೈಮಿಯ ತೋಳು ಹಿಡಿಯಲು ನೋಡಿದಳು. ಬೆರಳು ಮಡಚಲಿಲ್ಲ. "ಅವನು ಬದುಕಿದಾನೆ ಅಲ್ವಾ? ಹೇಳಿ, ಬದುಕಿದಾನಲ್ವಾ?"

ತೈಮಿ ಕಿಟಕಿಯ ಥರ್ಮಾಮೀಟರ್ ನೋಡಿದಳು. ಹೊರಗೆ ಸೊನ್ನೆಗಿಂತ ಇಪ್ಪತ್ತೆರಡು ಡಿಗ್ರಿ ಕೆಳಗೆ. ಚೀಲವಿಲ್ಲದ ಮನುಷ್ಯ ಒಂದು ರಾತ್ರಿ ಕಳೆದಿದ್ದರೆ ಅದೇ ದೊಡ್ಡದು, ಇನ್ನೊಂದು ರಾತ್ರಿ ಕಳೆಯಲಾರ. ಇರುವುದು ಸಂಜೆಯವರೆಗಿನ ಹೊತ್ತು, ಅಷ್ಟೇ.

ಹನ್ನೆರಡು ಐವತ್ತಕ್ಕೆ ಎಫ್‌ಐಆರ್ ದಾಖಲಾಯಿತು: ಪ್ರಾಣಾಪಾಯದಲ್ಲಿದ್ದವರಿಗೆ ಆಶ್ರಯ ನಿರಾಕರಣೆ; ಒಬ್ಬ ವ್ಯಕ್ತಿ ಕಾಣೆ; ಆರೋಪಿ ಅಪರಿಚಿತ. ಗಾಳಿ ಇನ್ನೂ ಪೂರ್ತಿ ಇಳಿದಿರಲಿಲ್ಲವಾದ್ದರಿಂದ ಹೆಲಿಕಾಪ್ಟರ್ ಹಾರುವಂತಿರಲಿಲ್ಲ. ಬೆಟ್ಟ ಬಲ್ಲವರಿಗೆ ಕರೆ ಹೋಯಿತು. ಎಲ್ಲರಿಗಿಂತ ಮೊದಲು ಬಂದವನು ಊಲಾ ಮೊರೊತ್ತಾಯ.

ಬರದೆ ಏನು? ಈ ಬೆಟ್ಟದಲ್ಲಿ ಯಾರು ಕಳೆದುಹೋದರೂ ಹುಡುಕಿ ತರುವವನು ಅವನೇ. ಅರವತ್ತೆಂಟು ವಯಸ್ಸು. ಮೂವತ್ತು ವರ್ಷದಿಂದ ತಂಗುಮನೆಗಳ ಉಸ್ತುವಾರಿ. ಬರುವ ಪ್ರವಾಸಿಗರಿಗೆಲ್ಲ ಒಲೆ ಹಚ್ಚುವುದರಿಂದ ಹಿಡಿದು ಜಾಗ ಬಿಟ್ಟುಕೊಡುವುದರವರೆಗೆ ಪಾಠ ಹೇಳುವವನು. ತೈಮಿ ನಾಲ್ಕು ವರ್ಷದವಳಿದ್ದಾಗ ಅವಳ ಕಾಲಿಗೆ ಮೊದಲ ಸ್ಕೀ ಕಟ್ಟಿದವನೂ ಅವನೇ.

"ಯಾವ ಕಡೆ ಹೋಗಿರ್ಬೋದು ಊಲಾ ಮಾವ?"

"ರಸ್ತೆ ಕಡೆಗೆ ಅಂದ್ಳಂತಲ್ಲ ಅವಳು. ಪಶ್ಚಿಮಾನೇ," ಎಂದ ಊಲಾ. ಮುಖ ಮಾತ್ರ ತಿರುಗಿಸಲಿಲ್ಲ, ಸ್ನೋಮೊಬೈಲಿನ ಹಗ್ಗ ಬಿಗಿಯುತ್ತಲೇ ಇದ್ದ.

ಪಶ್ಚಿಮದ ಇಳಿಜಾರನ್ನೆಲ್ಲ ಹನ್ನೆರಡು ಜನ ಕೋಲು ಚುಚ್ಚಿ ಚುಚ್ಚಿ ಹುಡುಕಿದರು. ಏನೂ ಸಿಗಲಿಲ್ಲ. ಮೂರು ಗಂಟೆಗೆ ತೈಮಿ ಪಂಚನಾಮೆಗಾಗಿ ಯಲ್ಮಾರಿಯನ್ನೂ, ಪಂಚನಾಗಿ ನೀಲೆಸನನ್ನೂ, ದಾರಿಗೆಂದು ಊಲಾನನ್ನೂ ಕರೆದುಕೊಂಡು ತಂಗುಮನೆಗೆ ಬಂದಳು.

ಊಲಾ ಒಳಗೆ ಬರಲಿಲ್ಲ. "ನೀವು ನೋಡ್ಕೊಳ್ಳಿ, ನಾನು ಹೊರಗೆ ಜಾಡು ನೋಡ್ತೀನಿ," ಎಂದ. ರಾತ್ರಿಯಿಡೀ ಗಾಳಿ ಗುಡಿಸಿದ ನೆಲದ ಮೇಲೆ ಯಾವ ಜಾಡು ನೋಡುತ್ತಾನೋ!

ಒಂದೇ ಕೋಣೆ, ಅಡ್ಡ ಹಲಗೆಯ ಮಂಚ, ಕಬ್ಬಿಣದ ಒಲೆ. ಗೋಡೆಯ ಮೇಲೆ ಊಲಾ ಕೈಯಾರೆ ಕೊರೆದ ಹಲಗೆ: ಕೊನೆಗೆ ಬಂದವರಿಗೆ ಮೊದಲ ಹಕ್ಕು. ಯಲ್ಮಾರಿ ಟಾರ್ಚ್ ಹಿಡಿದ, ತೈಮಿ ಹೇಳುತ್ತಾ ಹೋದಳು, ನೀಲೆಸ್ ನೋಡುತ್ತಾ ನಿಂತ.

ಬಾಗಿಲು ಹೊರಕ್ಕೆ ತೆರೆಯುವಂಥದು, ಒಳಗೆ ಮರದ ಹಿಡಿಕೆ. ಬಾಗಿಲ ಚೌಕಟ್ಟಿನ ಎರಡೂ ಕಡೆ ಹಿಡಿಕೆಯ ಎತ್ತರಕ್ಕೆ ಹೊಸದಾಗಿ ಉಜ್ಜಿದ ಕಪ್ಪು ಗುರುತು. ಉದ್ದನೆಯ ಏನನ್ನೋ ಹಿಡಿಕೆಯೊಳಗೆ ತೂರಿಸಿ ಅಡ್ಡಗೊಟ್ಟಿದ್ದಾರೆ. ಹೊರಗಿನವನು ಎಷ್ಟು ಎಳೆದರೂ ಅದು ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತದೆ. ತೈಮಿ ಗುರುತಿಗೆ ಮೂಗು ತಾಗಿಸಿದಳು. ಮರದ ಸ್ಕೀಗೆ ಬಳಿಯುವ ಕೀಲೆಣ್ಣೆಯ ವಾಸನೆ. ಅವಳು ಒಲೆಯ ಕಡೆ ತಿರುಗಿದಳು.

ಒಲೆಯೊಳಗೆ ಚಕ್ಕೆ ಜೋಡಿಸಿ ಇಟ್ಟಿತ್ತು. ಮರದ ಕಡ್ಡಿಯನ್ನು ಚಾಕುವಿನಿಂದ ಸುರುಳಿ ಸುರುಳಿಯಾಗಿ ಹೆರೆದು, ಬುಡದಿಂದ ಕಳಚದಂತೆ ಹೂವಿನಂತೆ ಮಾಡಿದ್ದು. ಪಕ್ಕದಲ್ಲೇ ಬೆಂಕಿಪೊಟ್ಟಣ, ಒಂದು ಕಡ್ಡಿ ಹೊರಗೆ ಚಾಚಿಕೊಂಡಿತ್ತು. ಮುಂದೆ ಬರುವವನ ಬೆರಳು ಮರಗಟ್ಟಿದ್ದರೂ ಹಚ್ಚಿಕೊಳ್ಳಲಿ ಎಂದು ಹಾಗೆ ಇಡುತ್ತಾರೆ. ಸೌದೆ ಪೆಟ್ಟಿಗೆ ಮಾತ್ರ ಖಾಲಿ.

"ನೋಡಿ ಅಕ್ಕಾ, ರಾತ್ರಿ ಜನರನ್ನ ಸಾಯೋಕೆ ಬಿಟ್ಟು ಬೆಳಿಗ್ಗೆ ಒಲೆ ಜೋಡಿಸಿ ಹೋಗಿದಾನೆ, ಮಹಾನುಭಾವ," ಎಂದ ಯಲ್ಮಾರಿ. "ಸೌದೆ ತುಂಬೋದು ಮರೆತ ಅಷ್ಟೇ."

"ಚಕ್ಕೆ ಹೆರೆದಿಟ್ಟೋನು ಸೌದೆ ಮರೆಯಲ್ಲ ಕಣೋ," ಎಂದ ನೀಲೆಸ್.

"ಮತ್ತೆ?"

"ತರೋಕೆ ಹೋಗಿದ್ದ," ಎಂದಳು ತೈಮಿ.

ಮೂವರೂ ಕೊಟ್ಟಿಗೆಗೆ ಹೋದರು. ಗ್ರೀತ್ ಮಲಗಿದ್ದ ಜಾಗದಲ್ಲಿ ಸೌದೆಪುಡಿ ಒತ್ತಿಕೊಂಡಿತ್ತು. ಹೊಸ್ತಿಲ ಒಳಗೆ ಒಂದೇ ಹೆಜ್ಜೆಯ ದೂರದಲ್ಲಿ ಸೌದೆ ಹೊರುವ ಬುಟ್ಟಿ ಬೋರಲು ಬಿದ್ದಿತ್ತು. ಖಾಲಿ. ಇಟ್ಟದ್ದಲ್ಲ, ಕೈಜಾರಿ ಬಿದ್ದದ್ದು. ಬೆಳಿಗ್ಗೆ ದೀಪ ಹಿಡಿದು ಬಂದವನು ಇಲ್ಲಿವರೆಗೆ ಬಂದ, ಅವಳ ಮುಖ ಕಂಡ, ಬುಟ್ಟಿ ಬಿಟ್ಟ, ಕಾಲಿಗೆ ಬುದ್ಧಿ ಹೇಳಿದ. ಗ್ರೀತ್ ಕಂಡದ್ದು ಕನಸಲ್ಲ.

"ನೀಲೆಸ್, ಕೀಲೆಣ್ಣೆ ಬಳಿದ ಮರದ ಸ್ಕೀ ಈಗ ಯಾರ್ಯಾರ ಹತ್ರ ಇದೆ?"

ನೀಲೆಸ್ ಅಂಗಳದಲ್ಲಿ ನಿಂತಿದ್ದ ಊಲಾನ ಸ್ನೋಮೊಬೈಲಿನ ಕಡೆ ನೋಡಿದ, ಅಷ್ಟೇ. ಹಿಂದಿನ ಬಂಡಿಯಲ್ಲಿ ಒಂದೂವರೆ ಆಳುದ್ದದ ಮರದ ಸ್ಕೀಗಳನ್ನು ಕಟ್ಟಿತ್ತು. ಊರಿನವರೆಲ್ಲ ಪ್ಲಾಸ್ಟಿಕ್ಕಿಗೆ ಹೋಗಿ ಇಪ್ಪತ್ತು ವರ್ಷ ಕಳೆದಿದೆ.

ತೈಮಿಗೆ ಭಯವಾಯಿತು. ಮೂವತ್ತು ವರ್ಷದ ಕೆಲಸದಲ್ಲಿ ಕುಡುಕರ ಚಾಕು ನೋಡಿದ್ದಾಳೆ, ಹೆಣ ಎತ್ತಿದ್ದಾಳೆ. ಈ ಭಯ ಬೇರೆ. ಅಂಗಳದಲ್ಲಿ ಬೆನ್ನು ಹಾಕಿ ನಿಂತ ಆ ಮುದುಕನನ್ನು ತಾನು ಕೇಳಬೇಕಾದ ಪ್ರಶ್ನೆಗೆ ಅವನು ಹೌದು ಎಂದುಬಿಟ್ಟರೆ, ಇನ್ನು ಯಾರ ಮನೆಗೆ ನಂಬಿಕೆಯಿಂದ ಹೋಗುವುದು? ಸೂರ್ಯ ಆಗಲೇ ಬೆಟ್ಟದ ಅಂಚಿಗೆ ಇಳಿದಿದ್ದ.

"ಊಲಾ ಮಾವ, ನಿನ್ನೆ ಸಂಜೆ ಎಲ್ಲಿದ್ದೆ?"

"ಮನೇಲಿ."

"ನಿನ್ನ ಸ್ಕೀ ಮೇಲೆ ಉಜ್ಜಿದ ಗುರುತು ಇದೆಯಾ, ನೋಡ್ಲಾ?"

ಅವನು ಅಡ್ಡ ಬರಲಿಲ್ಲ. ಯಲ್ಮಾರಿ ಸ್ಕೀ ಬಿಚ್ಚಿ ಬೆಳಕಿಗೆ ಹಿಡಿದ. ನಡುಮಧ್ಯದಲ್ಲಿ ಎಣ್ಣೆ ಕೆರೆದುಹೋಗಿ ಮರ ಬೆಳ್ಳಗೆ ಕಾಣುತ್ತಿತ್ತು.

"ತಟ್ಟಿದ್ರು ತೈಮಿ," ಎಂದ ಊಲಾ. "ಮೂರು ಸಲ. ಬದುಕಿರೋರು ಯಾರಾದ್ರೂ ತಟ್ತಾರೇನೆ?"

"ಯಾರು ಅನ್ಕೊಂಡೆ?"

"ಸಾಮೆಲಿ."

ಸಾಮೆಲಿ ಅವನ ತಮ್ಮ. ಮೂವತ್ತೊಂದು ವರ್ಷದ ಕೆಳಗೆ ಇದೇ ಕೆರೆಯ ಮಂಜುಗಡ್ಡೆ ಒಡೆದು ಹೋದವನು. ಹೆಣ ಸಿಕ್ಕಿರಲಿಲ್ಲ. ಅವನ ಜೊತೆಯಲ್ಲೇ ಹೋಗುತ್ತಿದ್ದ ಊಲಾ ದಡ ಹತ್ತಿಬಿಟ್ಟಿದ್ದ ಎಂಬುದು ಊರಿಗೆಲ್ಲ ಗೊತ್ತು, ಯಾರೂ ಆಡುವುದಿಲ್ಲ.

"ಕೆರೆ ನುಂಗಿದೋರಿಗೆ ಬಾಗಿಲು ತೆಗೆಯೋದು ಮರೆತೋಗುತ್ತೆ, ಬಂದು ತಟ್ತಾರೆ ಅಂತ ಅಮ್ಮ ಹೇಳ್ತಿದ್ಳು. ತಟ್ಟಿದ್ದು ಕೇಳಿ ಜೀವ ಬಾಯಿಗೆ ಬಂತು. ದೀಪ ಆರಿಸ್ದೆ. ಸ್ಕೀ ತೂರಿಸಿ ಎರಡೂ ಕೈಲಿ ಹಿಡ್ಕೊಂಡು ಕೂತೆ. ಹೊರಗಡೆಯಿಂದ ಯಾವುದೋ ಭಾಷೇಲಿ ಕೂಗ್ತಿತ್ತು. ಸತ್ತೋರ ಭಾಷೆ ಹಾಗೇ ಇರುತ್ತೆ ಅನ್ಕೊಂಡೆ. ಬೆಳಗಿನವರೆಗೂ ಕೈ ಬಿಡ್ಲಿಲ್ಲ ಕಣೇ."

ಯಾರೂ ನಗಲಿಲ್ಲ. ಯಲ್ಮಾರಿಯಂತೂ ಕೆರೆಯ ಕಡೆ ಬೆನ್ನು ಹಾಕಿ ನಿಂತಿದ್ದವನು ಮೆಲ್ಲಗೆ ಅದರ ಕಡೆ ತಿರುಗಿಕೊಂಡ.

"ಬೆಳಿಗ್ಗೆ?" ಎಂದಳು ತೈಮಿ.

"ಬೆಳಗಾದ್ಮೇಲೆ ನನಗೇ ನಾಚಿಕೆ ಆಯ್ತು. ಕನಸು ಬಿದ್ದಿರ್ಬೇಕು ಮುದುಕನಿಗೆ ಅನ್ಕೊಂಡು ಚಕ್ಕೆ ಹೆರೆದಿಟ್ಟು ಸೌದೆಗೆ ಹೋದೆ. ಅಲ್ಲಿ ಹೆಂಗಸು. ರೆಪ್ಪೆ ಎಲ್ಲ ಬೆಳ್ಳಗೆ. ಸತ್ತಿದಾಳೆ ಅನ್ಕೊಂಡೆ. ನಾನೇ ಕೊಂದೆ ಅನ್ಕೊಂಡೆ."

"ಮುಟ್ಟಿ ನೋಡಿದ್ಯಾ?"

ಊಲಾ ತಲೆ ಅಲ್ಲಾಡಿಸಿದ.

"ಮುಟ್ಟಿ ನೋಡ್ಲಿಲ್ವಾ ಊಲಾ ಮಾವ? ಉಸಿರಿತ್ತು ಅವಳಿಗೆ! ರಾತ್ರಿ ನಿನಗೆ ಗೊತ್ತಾಗ್ಲಿಲ್ಲ, ಹೋಗ್ಲಿ. ಬೆಳಕಲ್ಲಿ ಏನಾಗಿತ್ತು ನಿನಗೆ?" ತೈಮಿಯ ದನಿ ಏರಿತು. ಆಗ ಇನ್ನೊಂದು ವಿಷಯ ಹೊಳೆಯಿತು. "ಗಂಡಸಿನ ಜಾಡು? ಬೆಳಿಗ್ಗೆ ಗಾಳಿ ಪೂರ್ತಿ ಮುಚ್ಚಿರ್ಲಿಲ್ಲ. ನೋಡಿದ್ಯಾ?"

ಅವನು ಕೈಗವಸಿನ ಕೈ ಎತ್ತಿ ಕೆರೆಯ ಆಚೆ ದಡ ತೋರಿಸಿದ.

"ಪೂರ್ವಕ್ಕೆ," ಎಂದ. "ಸಂಜೆ ಗಾಳಿ ತಿರುಗಿತ್ತಲ್ಲ. ಗಾಳಿ ಒಂದೇ ಕೆನ್ನೆಗೆ ಬೀಳೋ ಹಾಗೆ ನಡೀತಾ ಹೋಗಿ ದಿಕ್ಕು ತಪ್ಪಿದಾನೆ. ಕೆರೆ ದಾಟಿ, ಆಚೆ ದಡದ ಹಳೇ ಮಣ್ಣಿನ ಗುಡಿಸಲ ಕಡೆ."

"ಮಧ್ಯಾಹ್ನದಿಂದ ಹನ್ನೆರಡು ಜನರನ್ನ ಪಶ್ಚಿಮಕ್ಕೆ ಕುಣಿಸ್ತಿದೀಯಲ್ಲೋ, ಪಾಪಿ ಮುದುಕ!" ಎಂದು ಕಿರುಚಿದವನು ನೀಲೆಸ್.

"ಹೇಳಿದ್ರೆ ನಾನಿಲ್ಲಿದ್ದೆ ಅಂತ ಗೊತ್ತಾಗ್ತಿತ್ತಲ್ಲ," ಎಂದ ಊಲಾ. "ಬಾಗಿಲು ಹಾಕ್ಕೊಂಡೋನು ಅಂತ ಆಗ್ತಿತ್ತಲ್ಲ ನೀಲೆಸ್."

ಕೈಕೋಳ ತೈಮಿಯ ಜೇಬಿನಲ್ಲೇ ಉಳಿಯಿತು. ಕೆರೆಯಿಂದ ಹಳ್ಳ ಹೊರಡುವ ಕಡೆ ನೀರು ಒಳಗೇ ಓಡುತ್ತದೆ, ಮೇಲಿನ ಮಂಜುಗಡ್ಡೆ ಹಪ್ಪಳ. ಸುತ್ತಿ ಹೋದರೆ ಕತ್ತಲಾಗುತ್ತದೆ. ಸ್ನೋಮೊಬೈಲಿನ ಭಾರ ತಡೆಯುವುದಿಲ್ಲ. ಎಲ್ಲಿ ಗಟ್ಟಿ, ಎಲ್ಲಿ ಟೊಳ್ಳು ಎಂದು ಬಲ್ಲವನು ಒಬ್ಬನೇ.

"ಮುಂದೆ ನಡಿ," ಎಂದಳು.

ನೀಲೆಸನನ್ನು ರೇಡಿಯೋದ ಬಳಿ ಬಿಟ್ಟು ಮೂವರೂ ಸ್ಕೀ ಕಟ್ಟಿಕೊಂಡರು. ಸೊಂಟಕ್ಕೆ ಹಗ್ಗ, ಮುಂದೆ ಊಲಾ, ಹಿಂದೆ ತೈಮಿ, ಕೊನೆಗೆ ಯಲ್ಮಾರಿ. ತನ್ನ ತಮ್ಮನನ್ನು ನುಂಗಿದ ಕೆರೆಯ ಮೇಲೆ ಮುದುಕ ಕೋಲಿನಿಂದ ಕುಟ್ಟಿ ಕುಟ್ಟಿ ಕಿವಿಗೊಟ್ಟು ಹೆಜ್ಜೆ ಇಡುತ್ತಿದ್ದ. ಕೆಳಗಿನಿಂದ ಒಂದು ಸಲ ದಡದಿಂದ ದಡಕ್ಕೆ ಬಟ್ಟೆ ಹರಿದಂಥ ಸದ್ದು ಓಡಿತು. ಮೂವರೂ ಕಲ್ಲಾದರು.

"ಅಕ್ಕಾ," ಯಲ್ಮಾರಿ ಪಿಸುಗುಟ್ಟಿದ, "ಇವನು ಬೇಕಂತ್ಲೇ ನಮ್ಮನ್ನ..."

"ಬಾಯ್ಮುಚ್ಚು."

ಅದೇ ಯೋಚನೆ ಅವಳ ತಲೆಯಲ್ಲೂ ಇತ್ತು. ಮೂವರು ಮುಳುಗಿದರೆ ಬಾಗಿಲಿನ ವಿಷಯ ನೀಲೆಸ್ ಒಬ್ಬನ ಮಾತಾಗಿ ಉಳಿಯುತ್ತದೆ. ಊಲಾ ನಿಂತ, ಬಲಕ್ಕೆ ಕುಟ್ಟಿದ, ಎಡಕ್ಕೆ ಕುಟ್ಟಿದ, ಎಡಕ್ಕೆ ತಿರುಗಿದ. ತೈಮಿ ಅವನ ಸ್ಕೀಯ ಗೆರೆಯೊಳಗೇ ತನ್ನ ಸ್ಕೀ ಇಟ್ಟು ಹೋದಳು, ನಾಲ್ಕು ವರ್ಷದವಳಿದ್ದಾಗ ಹೋದ ಹಾಗೆ.

ಆಚೆ ದಡ ಹತ್ತಿದಾಗ ಆರೂವರೆ. ಗುಡಿಸಲು ಹಿಮದೊಳಗೆ ಅರ್ಧ ಹೂತಿತ್ತು. ಹೊಗೆ ಇಲ್ಲ. ಬಾಗಿಲ ಮುಂದೆ ಒಂದು ಸ್ಕೀ ನೆಟ್ಟಿತ್ತು. ಊಲಾ ಹತ್ತು ಮಾರು ದೂರದಲ್ಲೇ ಗರಬಡಿದವನಂತೆ ನಿಂತುಬಿಟ್ಟ.

ತೈಮಿ ಕಾಲು ಬಡಿದು ಹಿಮ ಒದರಿ ಬಾಗಿಲೆಳೆದಳು. ಬರಲಿಲ್ಲ. ಜೋರಾಗಿ ಜಗ್ಗಿದಳು. ಒಳಗಿನಿಂದ ಹಗ್ಗ ಬಿಗಿದಿತ್ತು. ಇನ್ನೊಮ್ಮೆ ಜಗ್ಗಿದಾಗ ಒಳಗೆ ಯಾರೋ ಚೀರಿದರು. ಮನುಷ್ಯನದೇ ದನಿ, ತೀರಾ ಸಣ್ಣಗೆ.

"ಹೋಗು! ಹೋಗು! ನಾವೇನು ಮಾಡಿದ್ವಿ ನಿನಗೆ?"

"ಪೊಲೀಸ್! ಬಾಗಿಲು ತೆಗೀರಿ, ಯೋಸ್ತ್!"

ಚೀರಾಟ ನಿಲ್ಲಲಿಲ್ಲ. ತಮ್ಮನ್ನು ಹೊರಗೆ ಹಾಕಿದವನು ಬೆನ್ನುಹತ್ತಿ ಬಂದಿದ್ದಾನೆ ಎಂದೇ ಅವನು ತಿಳಿದಿದ್ದ. ಕಾಲು ಬಡಿದು, ಮಾತಾಡದೆ, ಬಂದವರೇ ಬಾಗಿಲು ಜಗ್ಗಿದರೆ ಅವನ ಊರಿನಲ್ಲಿ ಅದಕ್ಕೆ ಏನರ್ಥವೋ! ಒಳಗೊಬ್ಬ ಹೊರಗಿನವನಿಗೆ ಹೆದರಿ ಬಾಗಿಲು ಹಿಡಿದು ಕೂತಿದ್ದಾನೆ. ಒಡೆದರೆ ಆ ಎದೆ ಅಲ್ಲೇ ನಿಂತರೂ ನಿಂತೀತು. ಯಲ್ಮಾರಿ ಕೊಡಲಿ ತೆಗೆದಿದ್ದ. ತೈಮಿ ಬೇಡವೆಂದು ಕೈ ಅಡ್ಡ ಹಿಡಿದಳು.

ಕೈಗವಸು ತೆಗೆದಳು. ಹುಟ್ಟಿದಾಗಿನಿಂದ ಮಾಡದ ಕೆಲಸ ಮಾಡಿದಳು. ಬಾಗಿಲು ತಟ್ಟಿದಳು, ಮೆಲ್ಲಗೆ, ಮೂರು ಸಲ. ಹಿಂದೆ ಊಲಾ ನರಳಿದ್ದು ಕೇಳಿಸಿತು.

ಒಳಗೆ ಚೀರಾಟ ನಿಂತಿತು. ಆಮೇಲೆ ಹಗ್ಗ ಬಿಚ್ಚುವ ಸದ್ದು. ಬಿಚ್ಚಲಾಗದೆ ಬಿಚ್ಚುವ ಸದ್ದು.

"ಗ್ರೀತ್ ಬದುಕಿದಾಳೆ," ಎಂದಳು ತೈಮಿ ಬಾಗಿಲ ಸಂದಿಯಲ್ಲಿ. "ನಾವು ಕಾಯ್ತೀವಿ. ನಿಧಾನಕ್ಕೆ ಬಿಚ್ಚಿ."

ಯೋಸ್ತ್ ಹಳೆಯ ಸಾರಂಗದ ಚರ್ಮವೊಂದನ್ನು ಸುತ್ತಿಕೊಂಡು ಬದುಕಿದ್ದ. ಅವನನ್ನು ಯಾರು ಹೊರುವುದೆಂದು ಮಾತೇ ನಡೆಯಲಿಲ್ಲ. ಊಲಾ ತನ್ನ ಎರಡು ಸ್ಕೀಗಳನ್ನು ಹಗ್ಗದಿಂದ ಬಿಗಿದು ಬಂಡಿ ಮಾಡಿದ, ಯಲ್ಮಾರಿ ಎಳೆದ, ಮುದುಕ ಮೊಣಕಾಲುದ್ದ ಹಿಮದಲ್ಲಿ ಮುಂದೆ ಮುಂದೆ ಕುಟ್ಟುತ್ತಾ ನಡೆದ. ಈ ದಡ ತಲುಪಿದ ಮೇಲೆ ತಾನೇ ಎರಡೂ ಕೈ ಚಾಚಿದ. ಏಳು ಐವತ್ತಕ್ಕೆ ದಸ್ತಗಿರಿಯಾಯಿತು.

ಆರೋಪಪಟ್ಟಿಯಲ್ಲಿ ತೈಮಿ ಎರಡು ಅಪರಾಧ ಬರೆದಳು. ಸಂಜೆಯ ಬಾಗಿಲು ಅದರಲ್ಲಿ ಇರಲಿಲ್ಲ. ಕೊಟ್ಟಿಗೆಯಲ್ಲಿ ಮುಟ್ಟಿ ನೋಡದೆ ಬಿಟ್ಟು ಹೋದದ್ದು ಒಂದು. ಜಾಡು ಗೊತ್ತಿದ್ದೂ ಹೇಳದೆ ಇದ್ದದ್ದು ಇನ್ನೊಂದು. ಉದ್ದೇಶ ಎಂಬ ಕಡೆ "ಭಯ" ಎಂದು ಬರೆದು, ಸಾಲದೆಂದು "ಮೊದಲು ಸತ್ತವರದು, ನಂತರ ಊರಿನವರದು" ಎಂದು ಸೇರಿಸಿದಳು. ಮೇಲಧಿಕಾರಿಗಳು ಇದೇನು ಬರೆದಿದ್ದೀಯ ಎಂದು ಕೇಳಿದರೆ ಕೇಳಲಿ ಎಂದುಕೊಂಡಳು.

ಶುಕ್ರವಾರ ಗ್ರೀತ್ ಗೋಡೆಯಾಚೆಯ ಆಸ್ಪತ್ರೆಯಿಂದ ಎದ್ದು ಬಂದಳು. ಗಂಡನ ಕಾಲಿನ ನಾಲ್ಕು ಬೆರಳು ತೆಗೆದಿದ್ದರು, ಜೀವಕ್ಕೆ ಭಯವಿಲ್ಲ. ಅವಳ ಎರಡೂ ಕೈಗೆ ಬ್ಯಾಂಡೇಜು.

"ಅವನ ಮುಖ ನೋಡ್ಬೇಕು ನಾನು," ಎಂದಳು.

ಯಲ್ಮಾರಿ ಲಾಕಪ್ಪಿನವರೆಗೆ ಕರೆದುಕೊಂಡು ಹೋದ. ಅವನು ಬೀಗದ ಕೈಗಾಗಿ ಜೇಬು ತಡಕುತ್ತಿರುವಾಗಲೇ ಅವಳು ಬಾಗಿಲ ಮುಂದೆ ನಿಂತು ಮೊಣಕೈ ಎತ್ತಿದಳು.

"ಅಯ್ಯೋ ಬೇಡಿ, ನಮ್ಮ ಕಡೆ ತಟ್ಟಲ್ಲ," ಎಂದ ಯಲ್ಮಾರಿ.

ತಡವಾಗಿತ್ತು. ಮೂರು ಸಲ ಸದ್ದಾಯಿತು. ಒಳಗೆ ಮಂಚ ಕಿರುಗುಟ್ಟಿತು, ಆಮೇಲೆ ಏನೂ ಇಲ್ಲ. ಯಲ್ಮಾರಿ ಕಿಂಡಿಯಲ್ಲಿ ಇಣುಕಿದ. ಊಲಾ ಗೋಡೆಗೆ ಒತ್ತಿಕೊಂಡು ಕೂತಿದ್ದ, ಎರಡೂ ಕೈ ಮಂಚದ ಅಂಚನ್ನು ಹಿಡಿದಿದ್ದವು. ಮುಖದಲ್ಲಿ ರಕ್ತವಿರಲಿಲ್ಲ. ನೋಡುತ್ತಿದ್ದಂತೆ ಅವನು ಒಂದೊಂದೇ ಬೆರಳು ಬಿಡಿಸಿಕೊಂಡ, ಎದ್ದ, ಮಂಚದ ಒಂದು ಪಕ್ಕಕ್ಕೆ ಸರಿದು ಕೂರಲು ಜಾಗ ಮಾಡಿದ.

"ಬನ್ನಿ," ಎಂದ ಊಲಾ. "ತೆಗೆದೇ ಇದೆ."

ಯಲ್ಮಾರಿಗೆ ಕೊನೆಗೂ ಬೀಗದ ಕೈ ಸಿಕ್ಕಿತು.